ಹಳೇ ಫಿಲ್ಮ್ ತಂದೀರೇನ್ರಿ?

ಬೀದರ್, ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ಹೈದರಾಬಾದಿಗೆ ಹೋಗುವ ಬಸ್ಸುಗಳು ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಮಿಯಾಪುರದ ಮೂಲಕ ನಗರದೊಳಗೆ ಹೋಗುತ್ತವೆ. 2017ರ ನವೆಂಬರಿನಲ್ಲಿ ಇದೇ ಮಿಯಾಪುರದಿಂದ ಮೆಟ್ರೊ ಶುರುವಾದ ಮೇಲೆ ಗಡಿಯಾಚೆಯ ರೋಗಿಗಳಿಗೆ ಒಂದು ಅನುಕೂಲವಾಯಿತು. ಇಲ್ಲಿಳಿದು ಕೆಂಪು ಮಾರ್ಗದ ರೈಲು ಹತ್ತಿದರೆ ನಿಮ್ಸ್ ಆಸ್ಪತ್ರೆಯ ಪಂಜಗುಟ್ಟವೂ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಗೆ ಹತ್ತಿರದ ಲಕ್ಡಿಕಾಪುಲ್ಲೂ ಒಂದೇ ದಾರಿಯಲ್ಲಿ ಸಿಗುತ್ತವೆ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಜಿಲ್ಲೆಗಳು. ರಾಜ್ಯ ಬೇರೆಯಾದರೂ ದೊಡ್ಡ ಕಾಯಿಲೆ ಬಂದಾಗ ಹಿಡಿಯುವ ದಾರಿ ಬದಲಾಗಲಿಲ್ಲ.

ಈ ದಾರಿಯ ರೋಗಿಗಳನ್ನು ದೂರದಿಂದಲೇ ಗುರುತಿಸಬಹುದು. ಕೈಯಲ್ಲೊಂದು ದೊಡ್ಡ ಪ್ಲಾಸ್ಟಿಕ್ ಕವರ್, ಅದರ ಮೇಲೆ ಯಾವುದೋ ಸ್ಕ್ಯಾನಿಂಗ್ ಸೆಂಟರಿನ ಹೆಸರು, ಒಳಗೆ 14 ಇಂಚು ಅಗಲ 17 ಇಂಚು ಉದ್ದದ ಕಪ್ಪು ಫಿಲ್ಮ್‌ಗಳು. ಬಸ್ಸಿನಲ್ಲಿ ಅದನ್ನು ಮಡಚುವಂತಿಲ್ಲ, ಸೀಟಿನ ಕೆಳಗೆ ತುರುಕುವಂತಿಲ್ಲ. ನೂರ ನಲವತ್ತು ಕಿಲೋಮೀಟರಿನಷ್ಟು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಕೂರಬೇಕು. ಮಿಯಾಪುರ, ಚಂದಾನಗರ, ಕೂಕಟ್‌ಪಲ್ಲಿಯ ರಸ್ತೆಯಂಚಿನ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಕನ್ನಡ ಬಲ್ಲ ಟೆಕ್ನೀಷಿಯನ್ ಸಿಕ್ಕರೆ ಮಾತುಕತೆ ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ:

“ಹಳೇ ಫಿಲ್ಮ್ ತಂದೀರೇನ್ರಿ?”

“ಇಲ್ರಿ, ಮನ್ಯಾಗ ಅದಾವ. ಅಲಮಾರಿ ಮ್ಯಾಲ.”

ಹಳೆಯದನ್ನು ಕೇಳುವುದು ಕಾಟಾಚಾರಕ್ಕಲ್ಲ. ಎದೆಯ ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದೊಳಗೆ ಎಂಟು ಮಿಲಿಮೀಟರಿನ ಒಂದು ಗಂಟು ಕಂಡಿತು ಎನ್ನಿ. ಹಳೆಯ ಕ್ಷಯದ ಕಲೆ ಇರಬಹುದು, ಕ್ಯಾನ್ಸರಿನ ಮೊಳಕೆಯೂ ಇರಬಹುದು. ಎರಡು ವರ್ಷದ ಹಿಂದಿನ ಸ್ಕ್ಯಾನಿನಲ್ಲೂ ಗಟ್ಟಿಯಾದ ಅದೇ ಗಂಟು ಅಷ್ಟೇ ಗಾತ್ರದಲ್ಲಿದ್ದರೆ ರೇಡಿಯಾಲಜಿಸ್ಟ್ ಸಾಮಾನ್ಯವಾಗಿ ನಿಶ್ಚಿಂತರಾಗುತ್ತಾರೆ. ಹಳೆಯದು ಸಿಗದಿದ್ದರೆ ಮೂರು ತಿಂಗಳು ಬಿಟ್ಟು ಮತ್ತೊಂದು ಸ್ಕ್ಯಾನ್, ಇಲ್ಲವೇ ಸೂಜಿ ಚುಚ್ಚಿ ಬಯಾಪ್ಸಿ. ಮತ್ತೆ ಖರ್ಚು, ಮತ್ತೆ ವಿಕಿರಣ, ಮತ್ತೆ ಬಸ್ಸು. ಸ್ತನದ ಮ್ಯಾಮೊಗ್ರಾಮ್‌ನಲ್ಲಂತೂ ಹೋದ ಸಲದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಓದುವುದು ಅರ್ಧ ಕೆಲಸ.

ಸ್ಕ್ಯಾನ್ ಚಿತ್ರಗಳನ್ನು ಕ್ಲೌಡಿನಲ್ಲಿ ಇಡಬೇಕೋ, ಸೆಂಟರಿನಲ್ಲೇ ಸರ್ವರ್ ಹಾಕಿ ಇಟ್ಟುಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ನಾನು ಈ ಅಲಮಾರಿಯಿಂದ ಶುರು ಮಾಡಲು ಕಾರಣವಿದೆ. ಮಾರಾಟಗಾರರು ಈ ಪ್ರಶ್ನೆಯನ್ನು ಯಾವಾಗಲೂ ಟೆರಾಬೈಟಿನಿಂದ ಶುರು ಮಾಡುತ್ತಾರೆ. ನಮ್ಮ ದೇಶದಲ್ಲಿ ರೋಗಿಯ ಚಿತ್ರಸಂಗ್ರಹವನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವರು ರೋಗಿಗಳೇ. ಫಿಲ್ಮ್ ಕೈಗೆ ಕೊಟ್ಟಾಯಿತು, ಅಲ್ಲಿಗೆ ನಮ್ಮ ಹೊಣೆ ಮುಗಿಯಿತು ಎಂದುಕೊಂಡ ಸೆಂಟರುಗಳು ಸ್ಕ್ಯಾನ್ ಯಂತ್ರದ ಕನ್ಸೋಲಿನ ಡಿಸ್ಕ್ ತುಂಬಿದಾಗ ಹಳೆಯ ಕೇಸುಗಳನ್ನು ಅಳಿಸುತ್ತ ಬಂದಿವೆ. ಇದೊಂದು ಪದ್ಧತಿ ಎಂದು ಯಾರೂ ಬರೆದಿಟ್ಟಿಲ್ಲ. ಜಾಗ ಬೇಕಾದಾಗ ಹಾಗೆ ನಡೆಯುತ್ತದೆ.

ಫಿಲ್ಮ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಸಿಟಿ ಚಿತ್ರದ ಪ್ರತಿ ಚುಕ್ಕಿಯಲ್ಲೂ ಒಂದು ಸಂಖ್ಯೆ ಇರುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ ಸಾವಿರ, ಮೂಳೆಗೆ ನೂರಾರು, ಕೆಲವೆಡೆ ಸಾವಿರದಾಚೆ. ಸಿಟಿ ಯಂತ್ರವನ್ನು ರೂಪಿಸಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಹೆಸರೇ ಈ ಅಳತೆಗೆ ಬಂದಿದೆ. ಕಣ್ಣಿಗೆ ಅಷ್ಟೊಂದು ಬೂದು ಛಾಯೆಗಳು ಒಮ್ಮೆಗೇ ಕಾಣುವುದಿಲ್ಲ. ಆದ್ದರಿಂದ ಅದರಲ್ಲಿ ಒಂದು ಪಟ್ಟಿಯನ್ನಷ್ಟೇ ಆರಿಸಿ ತೋರಿಸುತ್ತಾರೆ. ಶ್ವಾಸಕೋಶ ನೋಡಲು ಒಂದು ವಿಂಡೊ, ಮೂಳೆಗೆ ಇನ್ನೊಂದು, ಮೆದುಳಿಗೆ ಮತ್ತೊಂದು. ಫಿಲ್ಮ್‌ನಲ್ಲಿ ಅಚ್ಚಾದದ್ದು ಯಾವ ವಿಂಡೊವೋ ಅಷ್ಟೇ ನಿಮ್ಮ ಪಾಲಿಗೆ ಉಳಿಯುವುದು. ಅದೂ ಮುನ್ನೂರು ಸ್ಲೈಸುಗಳಲ್ಲಿ ಆಯ್ದ ಕೆಲವು ಡಜನ್ ಮಾತ್ರ. ಅದನ್ನೇ ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್ಆ್ಯಪಿನಲ್ಲಿ ಬೀದರಿನ ಡಾಕ್ಟರಿಗೆ ಕಳಿಸಿದರೆ ಅವರು ನೋಡುವುದು ನೆರಳಿನ ನೆರಳನ್ನು. ಮೂಲ ಫೈಲ್ ಇದ್ದರೆ ಎರಡು ವರ್ಷ ಬಿಟ್ಟು ಕೂಡ ವಿಂಡೊ ಬದಲಿಸಬಹುದು, ಗಂಟಿನ ಅಗಲ ಅಳೆಯಬಹುದು, ಎದೆಯನ್ನು ಎದುರಿನಿಂದಲೂ ಪಕ್ಕದಿಂದಲೂ ಸೀಳಿ ನೋಡಬಹುದು.

ಆ ಮೂಲ ಫೈಲಿಗೆ ಡೈಕಾಮ್ ಎಂದು ಹೆಸರು. ಒಂದೊಂದು ಕಂಪನಿಯ ಯಂತ್ರ ಒಂದೊಂದು ಬಗೆಯಲ್ಲಿ ಚಿತ್ರ ಬರೆಯುತ್ತಿದ್ದ ಕಾಲದಲ್ಲಿ, 1983ರಲ್ಲಿ, ಅಮೆರಿಕದ ರೇಡಿಯಾಲಜಿಸ್ಟರ ಸಂಘವೂ ವಿದ್ಯುತ್ ಉಪಕರಣ ತಯಾರಕರ ಸಂಘವೂ ಒಟ್ಟಿಗೆ ಕೂತವು. 1985ರಲ್ಲಿ ಮೊದಲ ಮಾನದಂಡ ಬಂತು. ಇಂದು ನಾವು ಬಳಸುವ ಡೈಕಾಮ್ 1993ರದ್ದು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2016ರ ವಿದ್ಯುನ್ಮಾನ ಆರೋಗ್ಯ ದಾಖಲೆ ಮಾನದಂಡಗಳಲ್ಲಿ ಚಿತ್ರಗಳಿಗೆ ಇದನ್ನೇ ಒಪ್ಪಿದೆ. ಈ ಫೈಲಿನ ಒಂದು ಗುಣವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಚಿತ್ರದ ಜೊತೆಗೆ ರೋಗಿಯ ಹೆಸರು, ವಯಸ್ಸು, ಲಿಂಗ, ಸ್ಕ್ಯಾನ್ ಮಾಡಿದ ದಿನ, ಕಳಿಸಿದ ವೈದ್ಯರು, ಎಲ್ಲವೂ ಫೈಲಿನ ತಲೆಯಲ್ಲೇ ಬರೆದಿರುತ್ತದೆ. ಚಿತ್ರ ಸೋರಿದರೆ ಮನುಷ್ಯನೂ ಸೋರಿದಂತೆ. ಈ ಫೈಲುಗಳನ್ನು ಯಂತ್ರದಿಂದ ಪಡೆದು, ಜೋಡಿಸಿಟ್ಟು, ಕೇಳಿದಾಗ ತೆರೆದು ಕೊಡುವ ವ್ಯವಸ್ಥೆಗೆ ಪ್ಯಾಕ್ಸ್ ಎನ್ನುತ್ತಾರೆ. ಕ್ಲೌಡೋ ಮನೆಯೋ ಎಂಬ ಜಗಳವೆಲ್ಲ ಈ ಪ್ಯಾಕ್ಸ್ ಎಲ್ಲಿ ಕೂರಬೇಕು ಎಂಬುದರ ಬಗ್ಗೆ.

ಈಗ ಟೆರಾಬೈಟಿಗೆ ಬರೋಣ.

1971ರಲ್ಲಿ ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ತೆಗೆದ ಮೊದಲ ಸಿಟಿ ಚಿತ್ರದಲ್ಲಿ ಇದ್ದದ್ದು ಉದ್ದಗಲಕ್ಕೆ 80 ಚುಕ್ಕಿ, ಅಂದರೆ ಒಟ್ಟು 6,400. ಇಂದಿನ ಒಂದು ಸ್ಲೈಸಿನಲ್ಲಿ 512ಕ್ಕೆ 512, ಎಂದರೆ ಎರಡು ಲಕ್ಷ ಅರವತ್ತೆರಡು ಸಾವಿರ ಚುಕ್ಕಿ. ಚುಕ್ಕಿಗೆ ಎರಡು ಬೈಟಿನಂತೆ ಒಂದು ಸ್ಲೈಸಿಗೆ ಅರ್ಧ ಎಂಬಿ. ಒಂದು ಮಿಲಿಮೀಟರ್ ದಪ್ಪದಲ್ಲಿ ಎದೆಯನ್ನು ಸೀಳಿದರೆ ಮುನ್ನೂರಕ್ಕೂ ಮಿಕ್ಕಿ ಸ್ಲೈಸು, ನೂರೈವತ್ತು ಎಂಬಿ. ಔಷಧಿ ಚುಚ್ಚಿ ಮೂರು ಹಂತದಲ್ಲಿ ಹೊಟ್ಟೆಯ ಸಿಟಿ ಮಾಡಿದರೆ ಸಾವಿರದೈನೂರು ಸ್ಲೈಸು ದಾಟಬಹುದು, ಮುಕ್ಕಾಲು ಜಿಬಿ. ಡಿಜಿಟಲ್ ಎಕ್ಸ್‌ರೇ ಹತ್ತರಿಂದ ಮೂವತ್ತು ಎಂಬಿ. ಅಲ್ಟ್ರಾಸೌಂಡಿನದು ಸ್ಥಿರಚಿತ್ರವಾದರೆ ಕಡಿಮೆ, ಹೃದಯದ ವಿಡಿಯೊ ತುಣುಕು ಸೇರಿದರೆ ನೂರಾರು ಎಂಬಿ.

ಲೆಕ್ಕಕ್ಕೆಂದು ಮಿಯಾಪುರದಲ್ಲಿ ಒಂದು ಮಧ್ಯಮ ಗಾತ್ರದ ಸೆಂಟರ್ ಕಲ್ಪಿಸಿಕೊಳ್ಳಿ. ದಿನಕ್ಕೆ ಇಪ್ಪತ್ತು ಸಿಟಿ, ಹನ್ನೆರಡು ಎಂಆರ್‌ಐ, ನಲವತ್ತು ಎಕ್ಸ್‌ರೇ, ಐವತ್ತು ಅಲ್ಟ್ರಾಸೌಂಡ್. ಸಿಟಿಗೆ ಸರಾಸರಿ 300 ಎಂಬಿ, ಎಂಆರ್‌ಐಗೆ 200, ಎಕ್ಸ್‌ರೇಗೆ 15, ಅಲ್ಟ್ರಾಸೌಂಡಿಗೆ 30 ಹಿಡಿದರೆ ದಿನಕ್ಕೆ ಹತ್ತೂವರೆ ಜಿಬಿ. ವರ್ಷಕ್ಕೆ ಮುನ್ನೂರು ದಿನ ಎಂದರೆ ಮೂರು ಟೆರಾಬೈಟ್ ಚಿಲ್ಲರೆ. ಒಂದು ಚುಕ್ಕಿಯೂ ಕೆಡದಂತೆ ಕುಗ್ಗಿಸುವ ವಿಧಾನ ಬಳಸಿದರೆ ಅದರ ಅರ್ಧ. ಮೂರು ವರ್ಷಕ್ಕೆ ಐದು ಟಿಬಿಗಿಂತ ಹೆಚ್ಚಾಗದು. ಕೂಕಟ್‌ಪಲ್ಲಿಯಲ್ಲಿ ಮದುವೆ ವಿಡಿಯೊ ತೆಗೆಯುವವರ ಬಳಿಯೂ ಇದಕ್ಕಿಂತ ಹೆಚ್ಚು ಡಿಸ್ಕ್ ಇದ್ದೀತು. ನಿಮ್ಮ ಡೇಟಾ ಬೆಟ್ಟದಷ್ಟಾಗುತ್ತದೆ, ಸರ್ವರ್ ತಡೆಯುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ಕಾಗದ ಪೆನ್ನು ತೆಗೆದು ಈ ಲೆಕ್ಕ ಮಾಡಿ ತೋರಿಸಬಹುದು. ಸಾವಿರ ಹಾಸಿಗೆಯ ಆಸ್ಪತ್ರೆಯ ಮಾತು ಬೇರೆ.

ಸೆಂಟರಿನಲ್ಲೇ ಇಟ್ಟುಕೊಳ್ಳುವುದರ ದೊಡ್ಡ ಲಾಭ ವೇಗ. ಯಂತ್ರ, ಸರ್ವರ್, ರೇಡಿಯಾಲಜಿಸ್ಟರ ಪರದೆ ಒಂದೇ ಕೇಬಲಿನಲ್ಲಿದ್ದರೆ ಮುಕ್ಕಾಲು ಜಿಬಿಯ ಕೇಸು ಕೆಲವೇ ಸೆಕೆಂಡುಗಳಲ್ಲಿ ತೆರೆಯುತ್ತದೆ. ಅದೇ ಕೇಸು ಹೊರಗಿನಿಂದ, ನೂರು ಎಂಬಿಪಿಎಸ್ ಎಂದು ಜಾಹೀರಾತಿನಲ್ಲಿ ಹೇಳಿ ಸಂಜೆ ಹೊತ್ತು ಮೂವತ್ತಕ್ಕೆ ಇಳಿಯುವ ಲೈನಿನಲ್ಲಿ ಬರಬೇಕಾದರೆ ಮೂರು ನಿಮಿಷಕ್ಕೂ ಹೆಚ್ಚು. ಬೇಕಾದ ಸ್ಲೈಸನ್ನಷ್ಟೇ ಮೊದಲು ಕಳಿಸುವ ವೀಕ್ಷಕ ತಂತ್ರಾಂಶಗಳು ಈಗ ಬಂದಿವೆ, ಕಾಯುವ ಹೊತ್ತು ಕಡಿಮೆಯಾಗಿದೆ. ಆದರೂ ಮೆಟ್ರೊ ಕಂಬದ ಪಕ್ಕ ರಸ್ತೆ ಅಗೆಯುವಾಗ ಫೈಬರ್ ತುಂಡಾದರೆ ಅವತ್ತಿನ ಓದು ಅಲ್ಲಿಗೇ ನಿಂತಿತು. ತಲೆಗೆ ಪೆಟ್ಟು ಬಿದ್ದು ಬಂದವರ ಸಿಟಿ ಪಕ್ಕದ ಕೋಣೆಯಲ್ಲೇ ತೆಗೆದಿದ್ದರೂ ಇಂಟರ್‌ನೆಟ್ ಇಲ್ಲವೆಂದು ತೆರೆಯಲಾಗದಿದ್ದರೆ ಅದಕ್ಕಿಂತ ಅಸಂಬದ್ಧ ಇನ್ನೊಂದಿಲ್ಲ.

ಇನ್ನು ಆ ಸರ್ವರ್ ಕೂರುವ ಜಾಗ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಂದೊಂದು ಚದರಡಿಗೂ ಬಾಡಿಗೆ. ಒಳ್ಳೆಯ ಕೋಣೆಗಳೆಲ್ಲ ಯಂತ್ರಗಳಿಗೆ ಹೋಗುತ್ತವೆ. ಸರ್ವರಿಗೆ ಸಿಗುವುದು ಮೆಟ್ಟಿಲ ಕೆಳಗಿನ ತಾವು ಅಥವಾ ನೆಲಮಹಡಿಯ ಮೂಲೆ. ಅಲ್ಲಿ ಒಂದು ತಗಡಿನ ರ‍್ಯಾಕ್, ಅದರಲ್ಲಿ ನ್ಯಾಸ್ ಎಂಬ ನಾಲ್ಕು ಡಿಸ್ಕಿನ ಸಂಗ್ರಹ ಪೆಟ್ಟಿಗೆ, ಪಕ್ಕದಲ್ಲಿ ಬ್ಯಾಟರಿ ಬದಲಿಸಿ ಎಂದು ತಿಂಗಳಿಂದ ಕಿಚಗುಡುತ್ತಿರುವ ಯುಪಿಎಸ್, ಮೇಲೆ ಮಡಚಿಟ್ಟ ಹಳೆಯ ಕ್ಯಾಲೆಂಡರು ಮತ್ತು ನೆಲ ಒರೆಸುವ ಕೋಲು. ಏಸಿ ರಾತ್ರಿ ಆರಿಸುತ್ತಾರೆ. ಡಿಸ್ಕಿನ ಒಂದು ದೀಪ ಹಸಿರಿನಿಂದ ಕಿತ್ತಳೆಗೆ ತಿರುಗಿ ಎಷ್ಟು ದಿನವಾಯಿತೆಂದು ಕೇಳಿದರೆ ಕಂಪ್ಯೂಟರ್ ರಿಪೇರಿಯ ಹುಡುಗನಿಗೆ ಫೋನ್ ಹೋಗುತ್ತದೆ. ಹೈದರಾಬಾದಿನ ಮಳೆಯನ್ನೂ ಮರೆಯುವಂತಿಲ್ಲ. 2020ರ ಅಕ್ಟೋಬರ್ 13ರ ರಾತ್ರಿ ಸುರಿದ ಮಳೆಗೆ ಕೆರೆಗಳು ಉಕ್ಕಿ ನಗರದ ಎಷ್ಟೋ ಬಡಾವಣೆಗಳ ನೆಲಮಹಡಿಗಳು ಮುಳುಗಿದವು. ಮಿಯಾಪುರದ ಸುತ್ತಲೂ ಕೆರೆಗಳಿಗೆ ಕಡಿಮೆಯಿಲ್ಲ.

ನಾಲ್ಕು ಡಿಸ್ಕು ಇದೆಯಲ್ಲ, ಒಂದು ಹೋದರೆ ಇನ್ನೊಂದು ಹಿಡಿದುಕೊಳ್ಳುತ್ತದೆ ಎಂಬ ಧೈರ್ಯ ಮಾಲೀಕರಲ್ಲಿ ಇರುತ್ತದೆ. ರೇಡ್ ಎಂಬ ಆ ಏರ್ಪಾಡು ಒಂದು ಡಿಸ್ಕ್ ಸತ್ತರೆ ಕಾಪಾಡುತ್ತದೆ, ನಿಜ. ನೀರು ನುಗ್ಗಿದರೆ, ಸಿಡಿಲು ಹೊಡೆದರೆ, ಪೆಟ್ಟಿಗೆಯನ್ನೇ ಕದ್ದೊಯ್ದರೆ ಕಾಪಾಡದು. ಮನೆಪತ್ರದ ನಾಲ್ಕು ಜೆರಾಕ್ಸ್ ಮಾಡಿಸಿ ನಾಲ್ಕನ್ನೂ ಅದೇ ಟ್ರಂಕಿನಲ್ಲಿ ಇಟ್ಟಂತೆ ಅದು. ಮುಖ್ಯವಾಗಿ, ಯಾರೋ ದೂರದಿಂದ ಒಳಹೊಕ್ಕು ಎಲ್ಲಕ್ಕೂ ಬೀಗ ಜಡಿದರೆ ನಾಲ್ಕೂ ಡಿಸ್ಕಿಗೆ ಒಟ್ಟಿಗೇ ಬೀಗ ಬೀಳುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಹೀಗೇ ಬೀಗ ಬಿತ್ತು. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟಿಬಿ ದತ್ತಾಂಶ ಗೂಢಲಿಪಿಯಾಗಿ ಹೋಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಹೊರರೋಗಿಗಳ ಚೀಟಿ, ಒಳರೋಗಿಗಳ ದಾಖಲೆ, ಲ್ಯಾಬಿನ ವರದಿ ಎಲ್ಲವೂ ಸುಮಾರು ಎರಡು ವಾರ ಕೈಬರಹಕ್ಕೆ ಮರಳಿದವು. ಗಾತ್ರ ನೋಡಿ, 1.3 ಟಿಬಿ. ನಮ್ಮ ಕಾಲ್ಪನಿಕ ಮಿಯಾಪುರದ ಸೆಂಟರಿನ ಒಂದು ವರ್ಷದ ಚಿತ್ರಗಳಿಗಿಂತ ಕಡಿಮೆ.

ಅದಕ್ಕೂ ಮುಂಚೆ, 2019ರಲ್ಲಿ, ಜರ್ಮನಿಯ ಗ್ರೀನ್‌ಬೋನ್ ನೆಟ್‌ವರ್ಕ್ಸ್ ಎಂಬ ಭದ್ರತಾ ಕಂಪನಿ ಇನ್ನೊಂದು ಬಗೆಯ ಹುಡುಕಾಟ ನಡೆಸಿತ್ತು. ಅವರು ಯಾರ ಬೀಗವನ್ನೂ ಮುರಿಯಲಿಲ್ಲ. ಇಂಟರ್‌ನೆಟ್ಟಿಗೆ ಬಾಗಿಲು ತೆರೆದುಕೊಂಡು ಕೂತ ಪ್ಯಾಕ್ಸ್ ಸರ್ವರುಗಳನ್ನು ಎಣಿಸಿದರು, ಅಷ್ಟೇ. 52 ದೇಶಗಳಲ್ಲಿ 590 ಸರ್ವರುಗಳು, 2.4 ಕೋಟಿ ರೋಗಿ ದಾಖಲೆಗಳು ಯಾರು ಬೇಕಾದರೂ ನೋಡುವಂತೆ ಬಿದ್ದಿದ್ದವು. ಆಮೇಲಿನ ವರದಿಯಲ್ಲಿ ಭಾರತದ ರಾಜ್ಯಗಳ ಪೈಕಿ ಮಹಾರಾಷ್ಟ್ರ ಮೊದಲಿತ್ತು, ಕರ್ನಾಟಕ ಎರಡನೆಯದು. ನಮ್ಮ ರಾಜ್ಯದ್ದೇ ಒಂದು ಕೋಟಿಗೂ ಹೆಚ್ಚು ಚಿತ್ರಗಳು. ಹೀಗಾಗುವುದು ಹೇಗೆಂದರೆ, ರೇಡಿಯಾಲಜಿಸ್ಟ್ ಮನೆಯಿಂದ ನೋಡಬೇಕೆಂದು ಕೇಳುತ್ತಾರೆ, ಸರ್ವರ್ ಹಾಕಿದ ಹುಡುಗ ರೌಟರಿನಲ್ಲಿ ಒಂದು ಪೋರ್ಟ್ ತೆರೆದಿಟ್ಟು ಹೋಗುತ್ತಾನೆ. ಡೈಕಾಮ್ ಹುಟ್ಟಿದ್ದು ಆಸ್ಪತ್ರೆಯ ಒಳಗಿನ ತಂತಿಗೆ. ಒಂದು ಯಂತ್ರ ಇನ್ನೊಂದಕ್ಕೆ ಎಇ ಟೈಟಲ್ ಎಂಬ ಹೆಸರು ಹೇಳಿದರೆ ಅನೇಕ ಕಡೆ ಸಾಕು, ಪಾಸ್‌ವರ್ಡ್ ಕೇಳುವ ರೂಢಿಯೇ ಇಲ್ಲ. ಬೆಲ್ಜಿಯಮ್ಮಿನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 2012ರಲ್ಲಿ ರೂಪುಗೊಂಡ ಆರ್ಥಂಕ್‌ನಂಥ ಒಳ್ಳೆಯ ಉಚಿತ ತಂತ್ರಾಂಶಗಳು ಸಿಗುತ್ತವೆ. ಅವುಗಳಿಂದ ಸಣ್ಣ ಸೆಂಟರೂ ಕಾಸಿಲ್ಲದೆ ಪ್ಯಾಕ್ಸ್ ನಡೆಸಬಹುದು. ಆದರೆ ತಂತ್ರಾಂಶ ಉಚಿತ, ಕಾವಲು ಉಚಿತವಲ್ಲ.

ಇಷ್ಟು ಓದಿದವರು ಕ್ಲೌಡೇ ಸರಿ ಎನ್ನಬಹುದು. ಸ್ವಲ್ಪ ತಡೆಯಿರಿ.

ಕ್ಲೌಡ್ ಎಂದಾಗ ಮಿಯಾಪುರದ ಮಾಲೀಕರಿಗೆ ಅಮೆರಿಕ ಕಣ್ಣ ಮುಂದೆ ಬರುತ್ತದೆ. ವಾಸ್ತವದಲ್ಲಿ ಅದು ಅವರ ಊರಲ್ಲೇ ಇದೆ. ಅಮೆಜಾನ್ ತನ್ನ ಹೈದರಾಬಾದ್ ಕೇಂದ್ರವನ್ನು 2022ರ ನವೆಂಬರಿನಲ್ಲಿ ತೆರೆಯಿತು. ಅದರ ಕಟ್ಟಡಗಳು ರಂಗಾರೆಡ್ಡಿ ಜಿಲ್ಲೆಯ ಚಂದನವೆಳ್ಳಿ ಮೊದಲಾದ ಕಡೆ ಇವೆ. ಮೈಕ್ರೊಸಾಫ್ಟ್ ಕೂಡ ಅದೇ ವರ್ಷ ಹೈದರಾಬಾದಿಗೆ ಹದಿನೈದು ಸಾವಿರ ಕೋಟಿಯ ಡೇಟಾ ಸೆಂಟರ್ ಘೋಷಿಸಿತು. ಕಂಟ್ರೋಲ್‌ಎಸ್ ಎಂಬ ದೊಡ್ಡ ಡೇಟಾ ಸೆಂಟರ್ ಕಂಪನಿಯ ತವರೇ ಹೈದರಾಬಾದ್. ಹಾಗಾಗಿ ಚಿತ್ರ ದೇಶ ಬಿಟ್ಟು ಹೋಗುತ್ತದೆ ಎಂಬ ಭಯಕ್ಕೆ ಆಧಾರ ಕಡಿಮೆ. ಯಾವ ಊರಿನ ಕೇಂದ್ರ ಎಂದು ಕರಾರಿನಲ್ಲಿ ಬರೆಸಿಕೊಂಡರೆ ಮುಗಿಯಿತು. ಆ ಕಟ್ಟಡಗಳಲ್ಲಿ ಎರಡೆರಡು ದಾರಿಯ ವಿದ್ಯುತ್ತು, ಜನರೇಟರುಗಳ ಸಾಲು, ಹಗಲಿರುಳು ಕಾವಲು ಇರುತ್ತದೆ. ಮೆಟ್ಟಿಲ ಕೆಳಗಿನ ಪೆಟ್ಟಿಗೆ ಅದರ ಮುಂದೆ ನಿಲ್ಲಲಾರದು.

ಆದರೆ ಕಟ್ಟಡ ಗಟ್ಟಿಯಿದ್ದ ಮಾತ್ರಕ್ಕೆ ಚಿತ್ರ ಉಳಿಯುತ್ತದೆಂದಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋದಾಗ, ಬ್ಯಾಕಪ್ಪಿಗೆ ಬೇರೆ ದುಡ್ಡು ಕೊಡದಿದ್ದ ಗಿರಾಕಿಗಳು ಬರಿಗೈಯಾದರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ದತ್ತಾಂಶ ಕೇಂದ್ರದ ಬ್ಯಾಟರಿಗೆ ಬೆಂಕಿ ಬಿದ್ದು, ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್‌ನ 858 ಟಿಬಿ ಹೋಯಿತು. ತೀರಾ ದೊಡ್ಡದು, ಅದಕ್ಕೆ ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ ಎಂಬುದು ಕೊಟ್ಟ ಕಾರಣ. ಬೆಂಕಿಯೇ ಬೇಕೆಂದಿಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾತೆಯನ್ನು ಗೂಗಲ್ ಕ್ಲೌಡ್ ತನ್ನದೇ ಸೆಟ್ಟಿಂಗಿನ ತಪ್ಪಿನಿಂದ ಅಳಿಸಿಹಾಕಿತು. ಆರು ಲಕ್ಷ ಸದಸ್ಯರ ನಿಧಿ ಮತ್ತೆ ಎದ್ದು ನಿಂತದ್ದರಲ್ಲಿ, ಇನ್ನೊಂದು ಕಂಪನಿಯ ಬಳಿ ಅವರು ಮುಂಜಾಗ್ರತೆಗೆ ಇಟ್ಟಿದ್ದ ಪ್ರತಿಯ ಪಾಲೂ ಇತ್ತು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ದರಗಳು ಬದಲಾಗುತ್ತಲೇ ಇರುತ್ತವೆ. ದೊಡ್ಡ ಕಂಪನಿಗಳ ದರಪಟ್ಟಿಯಲ್ಲಿ ಒಂದು ಜಿಬಿಯನ್ನು ತಕ್ಷಣ ಸಿಗುವಂತೆ ಇಡಲು ತಿಂಗಳಿಗೆ ಎರಡು ರೂಪಾಯಿಯ ಆಸುಪಾಸು. ಐದು ಟಿಬಿಗೆ ಹತ್ತು ಸಾವಿರ, ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ಅಪರೂಪಕ್ಕೆ ಬೇಕಾಗುವ ಹಳೆಯದನ್ನು ಆಳದ ಉಗ್ರಾಣಕ್ಕೆ ತಳ್ಳಿದರೆ ಅದರ ಹತ್ತನೇ ಒಂದು ಭಾಗವೂ ಆಗದು, ಆದರೆ ಬೇಕೆಂದಾಗ ತೆರೆಯಲು ಗಂಟೆಗಟ್ಟಲೆ ಕಾಯಬೇಕು. ಅದೇ ಒಂದೂವರೆ ಎರಡು ಲಕ್ಷಕ್ಕೆ ಐದು ವರ್ಷ ಬಾಳುವ ಒಳ್ಳೆಯ ನ್ಯಾಸ್ ಪೆಟ್ಟಿಗೆ ಬರುತ್ತದೆ. ಈ ಹೋಲಿಕೆಯಲ್ಲಿ ಸ್ವಂತದ್ದು ಅಗ್ಗವಾಗಿ ಕಾಣುವುದು ನೋಡಿಕೊಳ್ಳುವವರ ಸಂಬಳವನ್ನು ಲೆಕ್ಕಕ್ಕೆ ಹಿಡಿಯದಿರುವುದರಿಂದ. ಕ್ಲೌಡಿನಲ್ಲಿ ಮಾಲೀಕರು ಗಮನಿಸದ ಸಾಲು ಇನ್ನೊಂದು: ಇಡಲು ಅಗ್ಗ, ಹೊರತೆಗೆಯಲು ದುಬಾರಿ. ಕಳಿಸುವುದಕ್ಕೆ ಕಾಸಿಲ್ಲ, ವಾಪಸ್ ಇಳಿಸಿಕೊಳ್ಳಲು ಜಿಬಿಗೆ ಒಂಬತ್ತು ಹತ್ತು ರೂಪಾಯಿಯವರೆಗೆ ಬೀಳಬಹುದು. ಐದು ಟಿಬಿ ಪೂರ್ತಿ ಇಳಿಸಿದರೆ ನಲವತ್ತೈದು ಐವತ್ತು ಸಾವಿರ, ಮತ್ತು ನೂರು ಎಂಬಿಪಿಎಸ್ ಲೈನಿನಲ್ಲಿ ಎಡೆಬಿಡದೆ ನಾಲ್ಕೂವರೆ ದಿನ.

ಕಾನೂನು ಏನು ಹೇಳುತ್ತದೆ? ಎಲ್ಲಿಡಬೇಕೆಂದು ಹೇಳುವುದಿಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ. ಗರ್ಭಿಣಿಯರ ಅಲ್ಟ್ರಾಸೌಂಡಿನ ದಾಖಲೆಗಳಿಗೆ ಲಿಂಗಪತ್ತೆ ತಡೆ ಕಾಯಿದೆಯಡಿ ಎರಡು ವರ್ಷ, ಮೊಕದ್ದಮೆ ಇದ್ದರೆ ಅದು ಮುಗಿಯುವವರೆಗೆ. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯಿದೆ ಇನ್ನೂ ಖಡಕ್ಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಹೊಣೆಗಳು ಹಂತಹಂತವಾಗಿ ಜಾರಿಗೆ ಬರುತ್ತವೆ. ಆ ಕಾಯಿದೆಯ ಪ್ರಕಾರ ರೋಗಿಯಿಂದ ಮಾಹಿತಿ ಪಡೆದವರೇ ಅದಕ್ಕೆ ಹೊಣೆ. ಇಡಲು ಯಾರಿಗೆ ಗುತ್ತಿಗೆ ಕೊಟ್ಟಿದ್ದರೂ, ಕರಾರಿನಲ್ಲಿ ಏನೇ ಬರೆದಿದ್ದರೂ ಅಷ್ಟೇ. ಸರಿಯಾದ ಕಾವಲಿಲ್ಲದೆ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಇದರ ಜೊತೆಗೆ, ದಾಳಿಯಾದದ್ದು ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂಬ 2022ರ ಏಪ್ರಿಲ್ಲಿನ ನಿರ್ದೇಶನವಿದೆ. ಕ್ಲೌಡಿಗೆ ಹಾಕಿದೆವು, ಇನ್ನು ನಮ್ಮ ತಲೆನೋವಲ್ಲ ಎಂದು ಮಾರಾಟಗಾರರು ಹೇಳಿಸುವ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ನನ್ನನ್ನು ಕೇಳಿದರೆ ಮಿಯಾಪುರದಂಥ ಕಡೆಯ ಸೆಂಟರಿಗೆ ಉತ್ತರ ಎರಡೂ ಕಡೆ ಇದೆ. ಎರಡರ ಪಾಲು ಸಮವಲ್ಲ. ಇತ್ತೀಚಿನ ಆರು ತಿಂಗಳಿಂದ ಒಂದು ವರ್ಷದವರೆಗಿನ ಚಿತ್ರಗಳು ಸೆಂಟರಿನೊಳಗೇ ಸಣ್ಣ ಸರ್ವರಿನಲ್ಲಿರಲಿ. ಇವತ್ತಿನ ಓದು, ಮುಂದಿನ ವಾರದ ತಪಾಸಣೆ ಎಲ್ಲ ಇಂಟರ್‌ನೆಟ್ಟಿಗೆ ಕಾಯದೆ ನಡೆಯುತ್ತದೆ. ಪ್ರತಿ ಕೇಸಿನ ಇನ್ನೊಂದು ಪ್ರತಿ ಅದೇ ರಾತ್ರಿ ಹೊರಗಿನ ಕ್ಲೌಡಿಗೆ ಹೋಗಲಿ. ಹತ್ತೂವರೆ ಜಿಬಿ ಕಳಿಸಲು ಇಪ್ಪತ್ತು ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಎಪ್ಪತ್ತು ನಿಮಿಷ ಸಾಕು. ನಿಗದಿಪಡಿಸಿದ ಅವಧಿಯವರೆಗೆ ಮಾಲೀಕರೂ ಅಳಿಸಲಾಗದಂತೆ ಆ ಪ್ರತಿಗೆ ಬೀಗ ಹಾಕುವ ಸೌಲಭ್ಯ ದೊಡ್ಡ ಕ್ಲೌಡುಗಳಲ್ಲಿ ಇದೆ, ಅದನ್ನು ಹಾಕಲೇಬೇಕು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಹೊರಗೆ ಎಂಬ ಹಳೆಯ ಸೂತ್ರವನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು, ತಮ್ಮಂಥ ಫೋಟೊಗ್ರಾಫರುಗಳ ಸಲುವಾಗಿ. ಅದು ರೇಡಿಯಾಲಜಿಗೂ ಸರಿಹೊಂದುತ್ತದೆ. ಮೂರನೆಯ ಪ್ರತಿಗೆ ವಾರಕ್ಕೊಮ್ಮೆ ಜೋಡಿಸಿ, ಕೆಲಸ ಮುಗಿದ ಮೇಲೆ ಕಿತ್ತು ಬೇರೆ ಕಡೆ ಇಡುವ ಡಿಸ್ಕ್ ಸಾಕು. ತಂತಿ ಕಿತ್ತ ಡಿಸ್ಕಿಗೆ ದೂರದಿಂದ ಬೀಗ ಜಡಿಯಲು ಯಾರಿಂದಲೂ ಆಗದು.

ರಾತ್ರಿ ರೇಡಿಯಾಲಜಿಸ್ಟ್ ಇಲ್ಲದ ಸೆಂಟರುಗಳ ಲೆಕ್ಕ ತುಸು ಬೇರೆ. ಅವರ ಸ್ಕ್ಯಾನು ಓದುವವರು ಎಲ್ಲೋ ದೂರ ಇರುತ್ತಾರೆ. ಬೆಂಗಳೂರಿನ ಟೆಲಿರೇಡಿಯಾಲಜಿ ಸಲ್ಯೂಷನ್ಸ್ 2002ರಲ್ಲಿ ಹುಟ್ಟಿದ್ದೇ ಅಮೆರಿಕದ ರಾತ್ರಿಯ ಸ್ಕ್ಯಾನುಗಳನ್ನು ನಮ್ಮ ಹಗಲಿನಲ್ಲಿ ಓದಿಕೊಡುವುದಕ್ಕೆ. ಓದುವವರು ಹೊರಗಿದ್ದರೆ ಚಿತ್ರ ಹೇಗೂ ಹೊರಗೆ ಹೋಗಲೇಬೇಕು. ಅಂಥವರು ಕ್ಲೌಡ್ ಪ್ಯಾಕ್ಸನ್ನೇ ಮುಖ್ಯವಾಗಿಟ್ಟುಕೊಂಡು, ಒಳಗೆ ಒಂದೆರಡು ತಿಂಗಳ ಪ್ರತಿ ಇಟ್ಟುಕೊಳ್ಳುವುದು ಮೇಲು. ಹಗಲು ರಾತ್ರಿ ತಮ್ಮದೇ ರೇಡಿಯಾಲಜಿಸ್ಟರಿರುವ ದೊಡ್ಡ ಆಸ್ಪತ್ರೆ ಇದನ್ನು ತಿರುಗಿಸಿ ಓದಿಕೊಳ್ಳಬಹುದು.

ಬೀದರಿನ ರೋಗಿಗೆ ಇದರಿಂದ ಸಿಗುವುದೇನು? ವರದಿಯ ಮೇಲೊಂದು ಕ್ಯೂಆರ್ ಕೋಡ್. ಊರಿನ ವೈದ್ಯರು ಅದನ್ನು ಸ್ಕ್ಯಾನ್ ಮಾಡಿದರೆ ಮುನ್ನೂರು ಸ್ಲೈಸೂ ತೆರೆದುಕೊಳ್ಳುತ್ತವೆ. ಫಿಲ್ಮ್ ಕವರನ್ನು ತೊಡೆಯ ಮೇಲೆ ಹೊತ್ತು ಕೂರುವುದು ತಪ್ಪುತ್ತದೆ. ಆದರೆ ಪಾಸ್‌ವರ್ಡಿಲ್ಲದ ಆ ಲಿಂಕು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದರೆ ಇಡೀ ಓಣಿಗೆ ಗೊತ್ತಾಗುತ್ತದೆ, ಆದ್ದರಿಂದ ಒಟಿಪಿ ಕೇಳುವ ಲಿಂಕೇ ಇರಬೇಕು. 2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೂಡ ದಾಖಲೆಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕುವುದಿಲ್ಲ. ದಾಖಲೆ ಹುಟ್ಟಿದ ಕಡೆಯೇ ಇರುತ್ತದೆ, ರೋಗಿ ಆಭಾ ಎಂಬ ತನ್ನ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆಯ ಮೂಲಕ ಒಪ್ಪಿಗೆ ಕೊಟ್ಟಾಗ ಬೇರೆಯವರಿಗೆ ಕಾಣುತ್ತದೆ. ಇದು ನಡೆಯಬೇಕಾದರೆ ಹುಟ್ಟಿದ ಕಡೆ ದಾಖಲೆ ಉಳಿದಿರಬೇಕು. ಸದ್ಯಕ್ಕೆ ಸಿಗುವ ಸಿಡಿಯಂತೂ ಯಾರಿಗೂ ಬೇಡವಾಗಿದೆ, ಅದನ್ನು ಹಾಕಲು ಡಾಕ್ಟರ ಲ್ಯಾಪ್‌ಟಾಪಿನಲ್ಲಿ ತೂತೇ ಇಲ್ಲ. ಕೌಂಟರಿನಲ್ಲಿ ಹೊಸ ಪೆನ್‌ಡ್ರೈವ್ ಕೊಟ್ಟು ಡೈಕಾಮ್ ಫೈಲ್ ಹಾಕಿಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬೇರೆಯವರ ಪೆನ್‌ಡ್ರೈವನ್ನು ಕನ್ಸೋಲಿಗೆ ಚುಚ್ಚಲು ಅವರು ಹಿಂಜರಿದರೆ ಅದರಲ್ಲೂ ತಪ್ಪಿಲ್ಲ.

ಸೆಂಟರ್ ಮಾಲೀಕರು ಸಹಿ ಹಾಕುವ ಮುಂಚೆ ಕರಾರಿನ ಕೊನೆಯ ಪುಟ ಓದಬೇಕು. ಬಾಕಿ ಉಳಿದರೆ ಎಷ್ಟು ದಿನಕ್ಕೆ ಚಿತ್ರಗಳನ್ನು ಅಳಿಸುತ್ತಾರೆ? ಬಿಟ್ಟು ಹೋಗುವಾಗ ಫೈಲುಗಳನ್ನು ಶುದ್ಧ ಡೈಕಾಮ್ ರೂಪದಲ್ಲಿ, ಡಿಸ್ಕಿಗೆ ತುಂಬಿಸಿ ಕೊಡುತ್ತಾರೋ, ಅವರ ತಂತ್ರಾಂಶದಲ್ಲಿ ಮಾತ್ರ ತೆರೆಯುವಂತೆ ಕೊಡುತ್ತಾರೋ? ಹೊರತೆಗೆಯುವ ಖರ್ಚು ಯಾರದು? ಖಾತೆ ಯಾರ ಹೆಸರಿನಲ್ಲಿದೆ, ಸೆಂಟರಿನದೋ ಮಾರಾಟಗಾರರದೋ? ಈ ರಸ್ತೆಯಲ್ಲಿ ಸ್ಕ್ಯಾನಿಂಗ್ ಸೆಂಟರುಗಳ ಬೋರ್ಡು ಬದಲಾಗುವುದು ಹೊಸತಲ್ಲ. ಪಾಲುದಾರರು ಬೇರೆಯಾಗುತ್ತಾರೆ, ದೊಡ್ಡ ಸರಪಳಿಯೊಂದು ಕೊಂಡುಕೊಳ್ಳುತ್ತದೆ, ಕಟ್ಟಡದ ಒಡೆಯರು ಜಾಗ ಬಿಡಿಸುತ್ತಾರೆ. ಯಂತ್ರಕ್ಕೆ, ಏಸಿಗೆ, ಕುರ್ಚಿಗೆ ಬೆಲೆ ಕಟ್ಟುವ ಪಟ್ಟಿಯಲ್ಲಿ ಮೆಟ್ಟಿಲ ಕೆಳಗಿನ ಪೆಟ್ಟಿಗೆಯೋ ಕ್ಲೌಡಿನ ಪಾಸ್‌ವರ್ಡೋ ಇರುವುದಿಲ್ಲ. ಮಾರಾಟದ ಪತ್ರದಲ್ಲಿ ಅದಕ್ಕೊಂದು ಸಾಲು ಬರೆಸಬೇಕು. ಹಳೆಯ ಕೇಸುಗಳು ಯಾರ ವಶಕ್ಕೆ, ಯಾವ ತಾರೀಖಿನವರೆಗೆ, ರೋಗಿ ಬಂದು ಕೇಳಿದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು.